ಆಕ್ಸೈಡ್ ಬೀದಿಯ ಗಾಡಿ

ಬ್ರೋಕನ್ ಹಿಲ್‌ನ ಪೇಟೆಬೀದಿಗಳಿಗೆ
ಬ್ರೋಮೈಡ್, ಕ್ಲೋರೈಡ್, ಸಲ್ಫೈಡ್ ಅಂತ ಹೆಸರು.
ರಸಾಯನಶಾಸ್ತ್ರದ ಟೀಚರಮ್ಮ ನಾನು
ಬಾಡಿಗೆಗೆ ಹಿಡಿದದ್ದು ಆಕ್ಸೈಡ್ ಬೀದಿಯಲ್ಲಿ ಮನೆ,
ಕೊಂಡದ್ದು ಎಂಬತ್ತೆಂಟರ ಹೈಏಸ್,
ತಗಡಿನ ತುಂಬ ಆಕ್ಸೈಡು.
ಶಾಲೆಯ ಹುಡುಗರು ನಗುತ್ತಾರೆ. ನಗಲಿ.

ನಾನು ಎಸ್ಸೆಸ್ಸೆಲ್ಸಿ ಬರೆದ ವರ್ಷ ಹುಟ್ಟಿದ ಗಾಡಿ.
ಇಬ್ಬರಿಗೂ ಚಳಿಯಲ್ಲಿ ಏಳಲು ಹೊತ್ತು ಬೇಕು,
ಇಬ್ಬರಿಗೂ ಬಲಗಡೆ ಎಲ್ಲೋ ಕಿರ್ರೆಂಬ ಸದ್ದು.
ಒಳಗೆ ಎರಡು ಉರಿಯ ಒಲೆ, ಗೇಣಗಲದ ಸಿಂಕು,
ಹಗಲು ಮೇಜು, ರಾತ್ರಿ ಅದೇ ಮಂಚ,
ಎತ್ತಿದರೆ ಏಳುವ ಬಟ್ಟೆಗೋಡೆಯ ಸೂರು.
ಎತ್ತಲು ಮರೆತ ದಿನ
ತಲೆಗೆ ತಾನೇ ನೆನಪಾಗುತ್ತದೆ.

ಪಕ್ಕದ ಮನೆಯ ವಿಂಕೊ,
ಮೂವತ್ತೊಂದು ವರ್ಷ ಗಣಿಯ ಲಿಫ್ಟಿಗೆ ಗ್ರೀಸು ಬಳಿದವನು,
ಬೆರಳ ಗೆಣ್ಣಿನಿಂದ ಮೈಯೆಲ್ಲ ತಟ್ಟುತ್ತಾ ಬಂದ,
ಸಂತೆಯಲ್ಲಿ ತೆಂಗಿನಕಾಯಿ ಆರಿಸುವವರ ಹಾಗೆ.
ಟಣ್ ಅಂದರೆ ಕಬ್ಬಿಣ.
ದಬ್ ಅಂದರೆ ಹಿಂದಿನವನು ಮೆತ್ತಿದ ಪುಟ್ಟಿ.
ಎಡಚಕ್ರದ ಮೇಲೆ ತಟ್ಟಿದ.
ಸದ್ದೇ ಬರಲಿಲ್ಲ. ಬೆರಳು ಒಳಗೆ ಹೋಯಿತು.
‘ತೂತು ಅನ್ನಬೇಡ,’ ಅಂದ, ‘ಇನ್ನೊಂದು ಕಿಟಕಿ ಬಂತು ಅನ್ನು.’

ತಿಂಗಳೊಪ್ಪತ್ತು ಕೆರೆದೆವು.
ಬೋರ್ಡಿನ ಮೇಲೆ ಸಾವಿರ ಸಲ ಬರೆದ ಸಮೀಕರಣ
ಮೂಗಿನೊಳಗೆ ಹೊಕ್ಕು ಸೀನು ಬರಿಸಿತು:
ಕಬ್ಬಿಣ, ನೀರು, ಗಾಳಿ, ಒಂದು ಬಾಣ, ಕೆಂಪು ಪುಡಿ.
ಬಾಣ ಒಂದೇ ಕಡೆಗೆ ಅಂತ
ಎಷ್ಟು ಸಲೀಸಾಗಿ ಹೇಳಿಬಿಟ್ಟಿದ್ದೇನೆ ಮಕ್ಕಳಿಗೆ,
ಸೀಮೆಸುಣ್ಣದ ಕೈ ಕೊಡವುತ್ತಾ.

ಗ್ಯಾಸಿನ ಕೊಳವೆಯ ಕೀಲಿಗೆ ಸೋಪುನೀರು ಹಚ್ಚಿ
ಉಸಿರು ಹಿಡಿದು ಕೂತೆ.
ಗುಳ್ಳೆ ಏಳಲಿಲ್ಲ.
ಏಳದ ಗುಳ್ಳೆಯನ್ನು ಅಷ್ಟು ಹೊತ್ತು ನೋಡಿದ್ದು
ಅದೇ ಮೊದಲು.

ನನ್ನ ಗಂಡ ಪಂಪಾಪತಿಗೆ ಪಟ್ಟಿಯ ಹುಚ್ಚು.
ಸೋಲಾರ್ ಹಲಗೆ, ಎರಡನೇ ಬ್ಯಾಟರಿ,
ಮಡಿಚುವ ಬಕೆಟ್ಟು, ಮಡಿಚುವ ಕೆಟಲು, ಮಡಿಚುವ ಪೊರಕೆ,
ಇವನ್ನೆಲ್ಲ ಇಡಲು ಮಡಿಚುವ ಪೆಟ್ಟಿಗೆ.
ಕುಗ್ಗಿದ ಸ್ಪ್ರಿಂಗಿಗೆ ಗೇಣು ಹಾಕಿ ವಿಂಕೊ ಅಂದ:
‘ಒಂದು ಇಟ್ಟರೆ ಎರಡು ಇಳಿಸು.’
ಪೊರಕೆ ಇಳಿಯಿತು. ಒಂದು ವಾರದ ಜಗಳದ ಮೇಲೆ
ಮಿಕ್ಸಿಯೂ ಇಳಿಯಿತು.
ಅವ್ವನ ಹಿತ್ತಾಳೆ ಚೊಂಬು ಮಾತ್ರ
ಚಾದರದಲ್ಲಿ ಸುತ್ತಿ, ಯಾರಿಗೂ ಹೇಳದೆ,
ಸೀಟಿನಡಿ ಇಟ್ಟೆ.

ಏಪ್ರಿಲ್ ರಜೆಗೆ ಮೆನಿಂಡೀ ಕೆರೆಗಳ ಕಡೆ.
ಎದುರುಗಾಳಿಗೆ ಅರವತ್ತರ ಮೇಲೆ ಹೋಗಲೊಲ್ಲದು.
ರಸ್ತೆಬದಿಯ ಎಮು ಒಂದು
ನಮ್ಮ ಜೊತೆ ಸ್ವಲ್ಪ ದೂರ ಓಡಿ,
ಬೇಸರವಾಗಿ ನಿಂತಿತು.

ಮೊದಲ ಸಂಜೆಯೇ ನಲ್ಲಿ ಎರಡು ಸಲ ಕೆಮ್ಮಿ ಸುಮ್ಮನಾಯಿತು.
ಹೆಸರಲ್ಲೇ ಪಂಪು ಇಟ್ಟುಕೊಂಡವನು
ಬಾಯಲ್ಲಿ ಟಾರ್ಚು ಕಚ್ಚಿ
ಪಂಪಿನ ಮುಂದೆ ಬೋರಲು ಮಲಗಿದ.
ಫ್ಯೂಸು ಸರಿ, ತಂತಿ ಸರಿ, ಬ್ಯಾಟರಿ ತುಂಬಿದೆ.
ಯಾವುದೂ ತಪ್ಪಿಲ್ಲ, ನೀರಿಲ್ಲ.
ನಾನು ಟ್ಯಾಂಕಿನ ಮುಚ್ಚಳ ತಿರುಪಿ
ಚೊಂಬು ಇಳಿಸಿದೆ.
ಹಿಡಿಸಿತು, ಅಳತೆ ಕೊಟ್ಟು ಮಾಡಿಸಿದ ಹಾಗೆ.

ಒಣಮರಗಳ ಮೇಲೆ ಹಕ್ಕಿಗಳು ಕೂರುವ ಹೊತ್ತು.
ಮೆಟ್ಟಿಲ ಮೇಲೆ ಕೂತು ಕಾಲು ಚಾಚಿದ,
ಸುರಿದೆ.
ಬೆರಳ ಸಂದಿಯಿಂದ ಕೆಂಪು ಇಳಿದು ಹರಿಯಿತು.
ಸಂಡೂರಿನವನು. ನೋಡಿ ಅಂದ:
‘ಥೇಟ್ ನಮ್ಮೂರ ಧೂಳು.’
‘ಫೆರಿಕ್ ಆಕ್ಸೈಡು,’ ಅಂದೆ, ‘ಅದಕ್ಕೆ ಊರಿಲ್ಲ.
ಇನ್ನೊಂದು ಕಾಲು ಕೊಡು.’

ಬೆಳಿಗ್ಗೆ ಅವನು ಏಳುವ ಮುಂಚೆ ಸುತ್ತು ಬಂದೆ.
ಎಡಚಕ್ರದ ಮೇಲೆ, ಹೊಸ ಬಿಳಿ ಬಣ್ಣದ ನಡುವೆ,
ಸಾಸಿವೆಯಷ್ಟು ಕಂದು.
ಹೆಬ್ಬೆರಳಿಗೆ ಎಂಜಲು ಹಚ್ಚಿ ಉಜ್ಜಿದೆ.
ಹೋಗಲಿಲ್ಲ.
ಸ್ಯಾಂಡ್‌ಪೇಪರು ಸೀಟಿನಡಿ ಇದೆ.
ಮೊದಲು ಚಹಾ.